ಹರ್ನಿಯಾ, ಜೊತೆಗೆ ಚಿಕ್ಕದು

ಟ್ರೇ ಅಕ್ಕ ಎಂದರೆ ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಆಕೆಯ ಮುಖ ಗೊತ್ತಿದ್ದವರು ಮಾತ್ರ ಕಡಿಮೆ. ಅವಳ ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಆಪರೇಷನ್ ಮುಗಿದ ಕತ್ತರಿ, ಚಿಮಟ, ಸೂಜಿ ಹಿಡಿಯುವ ಇಕ್ಕಳಗಳು ರಕ್ತ ಮೆತ್ತಿಕೊಂಡೇ ಸಣ್ಣ ಲಿಫ್ಟಿನಲ್ಲಿ ಅವಳ ಬಳಿಗೆ ಇಳಿಯುತ್ತವೆ. ಅವನ್ನು ನೆನೆಹಾಕಿ, ಬ್ರಷ್ಷಿನಿಂದ ಸಂದುಗೊಂದನ್ನೆಲ್ಲ ಉಜ್ಜಿ, ಭೂತಗನ್ನಡಿಯಲ್ಲಿ ಒಂದೊಂದನ್ನೇ ನೋಡಿ, ಎಣಿಸಿ ಟ್ರೇಗೆ ಜೋಡಿಸಿ, ಹಸಿರು ಬಟ್ಟೆಯಲ್ಲಿ ಎರಡು ಸುತ್ತು ಗಂಟು ಕಟ್ಟಿ ಹಬೆಯ ಪೆಟ್ಟಿಗೆಯೊಳಗೆ ಇಡುವುದು ಅವಳ ಕೆಲಸ. ಗಂಟಿನ ಮೇಲೊಂದು ಲೇಬಲ್. ಅದರಲ್ಲಿ ಮೂರೇ ಸಾಲು: ಸೆಟ್ಟಿನ ಹೆಸರು, ದಿನಾಂಕ, ತೊಳೆದು ಕಟ್ಟಿದವರ ಸಹಿ. ಇಪ್ಪತ್ತೆರಡು ವರ್ಷದಿಂದ ಆ ಮೂರನೆಯ ಸಾಲು ಅವಳದೇ.

ಮೇಲಿನವರು ಕಾಗದದ ಮೇಲೆ ಏನೇ ಬರೆದುಕೊಳ್ಳಲಿ, ಯಾವ ಸಾಮಾನು ಒದ್ದೆಯಾಗಿ ಬಂತು, ಯಾವುದು ಹೋದಂತೆಯೇ ವಾಪಸಾಯಿತು ಎಂದು ನೋಡಿದರೆ ಸಾಕು, ಒಳಗೆ ಏನು ನಡೆಯಿತೆಂದು ಅವಳಿಗೆ ತಿಳಿಯುತ್ತದೆ. ತೊಳೆಯಲು ಬಿದ್ದ ಪಾತ್ರೆ ನೋಡಿ ಇವತ್ತಿನ ಅಡುಗೆ ಏನೆಂದು ಹೇಳುವವರಿಲ್ಲವೇ, ಹಾಗೆ.

ಕಪಾಟಿನಲ್ಲಿದ್ದ ಒಂದು ಸೆಟ್ಟಿಗೆ ಹಿಂದೆ 'ಜನನಾಂಗ ತಿದ್ದುವ ಸೆಟ್ಟು, ಮಕ್ಕಳದು' ಎಂಬ ಹೆಸರಿತ್ತು. ಹನ್ನೊಂದು ಸಾಮಾನು, ಎಲ್ಲವೂ ಅತಿ ಸಣ್ಣವು. ಹುಟ್ಟಿದ ಮಗು ಗಂಡೋ ಹೆಣ್ಣೋ ಎಂದು ನೋಡಿದ ಕೂಡಲೇ ಹೇಳಲಾಗದಿದ್ದರೆ, ಆ ಮಗುವಿಗೆ ಯಾವ ನೋವೂ ಇಲ್ಲದಿದ್ದರೂ, ದೊಡ್ಡವರ ಕಣ್ಣಿಗೆ ಹಿತವಾಗುವಂತೆ ಕತ್ತರಿಸಿ ಹೊಲಿಯುವುದಕ್ಕೆ ಆ ಹನ್ನೊಂದು ಸಾಮಾನು. ತಿದ್ದುವುದಂತೆ! ಮಗುವೇನು ಕಾಪಿ ಪುಸ್ತಕವೇ? ಆದರೆ ಟ್ರೇ ಅಕ್ಕನಿಗೂ ಆ ಮಾತು ಹೊಳೆದದ್ದು ಬಹಳ ತಡವಾಗಿ. ಎಷ್ಟೋ ವರ್ಷ ಅವಳು ಆ ಹೆಸರನ್ನು ದುಂಡಗೆ ಬರೆದು, ಕೆಳಗೆ ಸಹಿ ಹಾಕಿ, ಮಧ್ಯಾಹ್ನದ ಊಟಕ್ಕೆ ಹೋಗಿದ್ದಳು.

ಅದು ಮಕ್ಕಳ ಸರ್ಜನ್ನರ ಸೆಟ್ಟು. ಬೆನ್ನ ಹಿಂದೆ ಎಲ್ಲರೂ ಅವರನ್ನು ದರ್ಜಿ ಡಾಕ್ಟರು ಎನ್ನುತ್ತಿದ್ದರು, ಹೊಲಿಗೆ ಅಷ್ಟು ನಾಜೂಕು. ಆ ಅಡ್ಡಹೆಸರು ಒಮ್ಮೆ ಅವರ ಕಿವಿಗೂ ಬಿದ್ದು, ಅವರು ಕೋಪಿಸಿಕೊಳ್ಳುವ ಬದಲು ಉಬ್ಬಿಹೋಗಿದ್ದರು.

ಎರಡು ವರ್ಷದ ಹಿಂದೆ ಸರ್ಕಾರದಿಂದ ಸುತ್ತೋಲೆ ಬಂತು. ಇಂಥ ಮಕ್ಕಳು ಬೆಳೆದು ತಮಗೇನು ಬೇಕೆಂದು ತಾವೇ ಬಾಯಿಬಿಟ್ಟು ಹೇಳುವವರೆಗೆ ಈ ಆಪರೇಷನ್ ಕೂಡದು. ಜೀವಕ್ಕೆ ಅಪಾಯವಿದ್ದು ತುರ್ತಾಗಿ ಮಾಡಲೇಬೇಕಾದರೆ ಮಾತ್ರ ವಿನಾಯಿತಿ. ಆ ವಾರವೇ ದೊಡ್ಡ ಹಾಲಿನಲ್ಲಿ ಸಭೆ ನಡೆಯಿತು. ನೆಲಮಾಳಿಗೆಯವರನ್ನೂ ಕರೆದಿದ್ದರು, ಕುರ್ಚಿ ತುಂಬಬೇಕಿತ್ತಲ್ಲ. ದರ್ಜಿ ಡಾಕ್ಟರು ವೇದಿಕೆ ಹತ್ತಿ, ಮಗುವಿನ ದೇಹ ಮಗುವಿನದೇ, ಅದಕ್ಕೆ ಕೈ ಹಾಕಲು ನಾವ್ಯಾರು ಎಂದು ಎಷ್ಟು ಚೆಂದ ಮಾತಾಡಿದರೆಂದರೆ, ಕೊನೆಯ ಸಾಲಿನಲ್ಲಿ ಕೂತಿದ್ದ ಟ್ರೇ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕಣ್ಣೀರನ್ನು ನೆನೆಸಿಕೊಂಡರೆ ಈಗ ಅವಳಿಗೆ ತನ್ನ ಮೇಲೆಯೇ ಹೇಸಿಗೆ.

ಪಟ್ಟಿಯಿಂದ ಸೆಟ್ಟಿನ ಹೆಸರು ಹೊಡೆದುಹಾಕಿದರು. ಟ್ರೇಯನ್ನು ತೆಗೆಯಲಿಲ್ಲ. ಎರಡು ತಿಂಗಳು ಅದು ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು. ಮೂರನೆಯ ತಿಂಗಳು ಸಣ್ಣ ಲಿಫ್ಟಿನಲ್ಲಿ ಒಂದು ಚೀಟಿ ಇಳಿಯಿತು: 'ಹರ್ನಿಯಾ, ಜೊತೆಗೆ ಚಿಕ್ಕದು.'

ಅವಳು ದರ್ಜಿ ಡಾಕ್ಟರಿಗೆ ಫೋನ್ ಮಾಡಿದಳು. "ಚಿಕ್ಕದು ಅಂದ್ರೆ ಯಾವ್ದು ಸರ್?"

"ಗೊತ್ತಿಲ್ವಾ ನಿಂಗೆ? ಆ ಹನ್ನೊಂದು ಸಾಮಾನಿಂದು."

"ಲೇಬಲ್ ಮೇಲೆ ಏನಂತ ಬರೀಲಿ?"

"ಚಿಕ್ಕದು ಅಂತ ಬರಿ. ಅಷ್ಟೂ ತಲೆ ಓಡಲ್ವೇನಮ್ಮ?"

ಓಡಿತು. ಬರೆದಳು. ಮಧ್ಯಾಹ್ನ ಎರಡೂ ಗಂಟು ವಾಪಸು ಬಂದವು. ಹರ್ನಿಯಾ ಸೆಟ್ಟು ಬಿಚ್ಚಿದ್ದೇನೋ ಹೌದು, ಆದರೆ ಒಂದೇ ಒಂದು ಸಾಮಾನೂ ಒದ್ದೆಯಾಗಿರಲಿಲ್ಲ. ಚಿಕ್ಕದು ಮಾತ್ರ ಹನ್ನೊಂದಕ್ಕೆ ಹನ್ನೊಂದೂ ಕೆಂಪಗಿತ್ತು. ಅಲ್ಲಿಂದ ಈಚೆಗೆ ಹದಿನಾಲ್ಕು ಸಲ ಹೀಗೇ ಆಗಿತ್ತು. ಪ್ರತಿ ಸಲವೂ ಲಿಸ್ಟಿನಲ್ಲಿ ಹರ್ನಿಯಾದ ಮುಂದೆ 'ತುರ್ತು' ಎಂದು ಬರೆದಿರುತ್ತಿತ್ತು. ಮೂರು ವಾರ ಮೊದಲೇ ದಿನ ಗೊತ್ತುಮಾಡಿಟ್ಟ ತುರ್ತು! ಬುಧವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು ಬಾಗಿಲು ತಟ್ಟುವ ಜೀವಾಪಾಯ! ಇಡೀ ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಬರುತ್ತಿದ್ದದ್ದು ಅದೊಂದೇ. ಎಲ್ಲರೂ ಓದುತ್ತಿದ್ದರು, ಯಾರಿಗೂ ನಗು ಬರುತ್ತಿರಲಿಲ್ಲ.

ಟ್ರೇ ಅಕ್ಕನೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳೇನೋ. ಗುಬ್ಬಿ ಬಂದು ಆ ಪ್ರಶ್ನೆ ಕೇಳದಿದ್ದರೆ.

ಗುಬ್ಬಿ ಅವಳ ನಾದಿನಿಯ ಮಗಳು. ಈಗ ಹದಿನೆಂಟು. ಹುಟ್ಟಿದಾಗ ಸೂಲಗಿತ್ತಿ ನರ್ಸು ಗಂಡೆಂದೂ ಹೇಳದೆ ಹೆಣ್ಣೆಂದೂ ಹೇಳದೆ ಟವೆಲ್ ಸುತ್ತಿ ಕೊಟ್ಟಿದ್ದಳು. ನಾದಿನಿ ಅತ್ತು ಅತ್ತು ಕಂಗಾಲಾಗಿದ್ದಾಗ, "ನಮ್ಮ ಡಾಕ್ಟ್ರ ಕೈ ಬಂಗಾರದ್ದು ಕಣೇ, ತಲೆ ಕೆಡಿಸ್ಕೋಬೇಡ" ಎಂದು ಧೈರ್ಯ ಹೇಳಿ ಏಳು ತಿಂಗಳ ಮಗುವನ್ನು ದರ್ಜಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದದ್ದು ಇವಳೇ. ಆಪರೇಷನ್ ಆಯಿತು. ಮಗುವಿಗೆ ಬುದ್ಧಿ ಬಂದ ಮೇಲೆ ಅದು ಹರ್ನಿಯಾದ ಗಾಯ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಉಚ್ಚೆ ಹೊಯ್ಯುವಾಗ ಉರಿ, ನಡೆದರೆ ಎಳೆತ, ವರ್ಷಕ್ಕೆ ನಾಲ್ಕು ಸಲ ಜ್ವರ. ಅವಳು ಬೆಳೆದದ್ದೇ ಹಾಗೆ. ಕೊನೆಗೆ ಗುಬ್ಬಿ ಯಾರಿಗೂ ಹೇಳದೆ ಬೇರೆ ಊರಿನ ಡಾಕ್ಟರಿಗೆ ತೋರಿಸಿದಳು. ಅವರು ಇದ್ದದ್ದನ್ನು ಇದ್ದಂತೆ ಹೇಳಿದರು. ಹಳೆಯ ಫೈಲು ಕೇಳಲು ಬಂದರೆ, ಹದಿನೈದು ವರ್ಷ ದಾಟಿದ್ದನ್ನೆಲ್ಲ ಸುಟ್ಟಾಯಿತು ಎಂದು ರೆಕಾರ್ಡ್ ರೂಮಿನವರು ಕೈ ತೊಳೆದುಕೊಂಡರು.

ಆ ಮಧ್ಯಾಹ್ನ ಅವಳು ನೇರವಾಗಿ ಅತ್ತೆಯ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಅತ್ತೆ, ಒಂದು ಕೇಳ್ಲಾ?"

"ಕೇಳೇ ಗುಬ್ಬಿ."

"ನನ್ನ ಕತ್ತರಿಸಿದ ಸಾಮಾನು ತೊಳ್ದಿದ್ದು ನೀವೇನಾ?"

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅತ್ತಿದ್ದರೆ ತಬ್ಬಿಕೊಳ್ಳಬಹುದಿತ್ತು. ಅವಳು ಎರಡನ್ನೂ ಮಾಡದೆ ಉತ್ತರಕ್ಕಾಗಿ ಕಾದಳು. ಟ್ರೇ ಅಕ್ಕ ಒಲೆಯ ಕಡೆ ತಿರುಗಿ, "ಆವಾಗ ಎಷ್ಟೊಂದು ಜನ ಇದ್ವಿ ಕಣೇ, ಯಾರು ತೊಳೆದ್ರೋ ಏನೋ" ಎಂದುಬಿಟ್ಟಳು. ಗುಬ್ಬಿ ಕುಡಿದ ಲೋಟ ತೊಳೆದಿಟ್ಟು ಹೊರಟುಹೋದಳು. ನಾಲ್ಕು ತಿಂಗಳಾಯಿತು, ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

ಇದಾದ ಮೇಲಿನ ಒಂದು ಮಂಗಳವಾರ ಸಣ್ಣ ಲಿಫ್ಟು ಕೆಟ್ಟು ನಿಂತಿತು. ಟ್ರೇ ಅಕ್ಕ ಗಂಟುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಮೂರನೆಯ ಮಹಡಿಗೆ ತಾನೇ ಹೋಗಬೇಕಾಯಿತು. ಮಕ್ಕಳ ವಾರ್ಡಿನ ಹೊರಗೆ, ಔಷಧಿ ಕಂಪನಿಯ ಕ್ಯಾಲೆಂಡರಿನ ಕೆಳಗೆ, ಒಬ್ಬ ತಾಯಿ ಐದು ತಿಂಗಳ ಮಗುವನ್ನು ಹೆಗಲಿಗೆ ಹಾಕಿಕೊಂಡು ದರ್ಜಿ ಡಾಕ್ಟರನ್ನು ನಿಲ್ಲಿಸಿಕೊಂಡಿದ್ದಳು. ಬಟ್ಟೆಯಂಗಡಿಯ ಹೆಸರಿದ್ದ ಯೂನಿಫಾರ್ಮ್ ತೊಟ್ಟಿದ್ದಳು, ಕೆಲಸದಿಂದ ನೇರ ಬಂದಿದ್ದಳೆಂದು ಕಾಣುತ್ತದೆ.

"ಡಾಕ್ಟ್ರೇ, ಇನ್ನೊಂದ್ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ಹರ್ನಿಯಾ ಮಾತ್ರ ತಾನೇ? ಅದೊಂದು ಬಿಟ್ಟು ಇನ್ನೇನೂ ಮುಟ್ಟಬಾರ್ದು. ಮಗು ಹೇಗಿದೆಯೋ ಹಾಗೇ ಇರ್ಲಿ. ದೊಡ್ಡದಾದ ಮೇಲೆ ಅದೇ ಹೇಳುತ್ತೆ."

"ಹರ್ನಿಯಾ ಮಾತ್ರ ತಾಯಿ," ಎಂದರು ಡಾಕ್ಟರು. ಹಾಗೆನ್ನುತ್ತ ಮಗುವಿನ ಕೆನ್ನೆಯನ್ನು ಬೆರಳ ಬೆನ್ನಿನಿಂದ ಸವರಿದರು. "ಈಗ ಹಾಗೆಲ್ಲ ಮಾಡೋ ಹಾಗೇ ಇಲ್ವಲ್ಲ. ಕಾನೂನಿದೆ."

ಮಗು ಅವರ ಬೆರಳು ಹಿಡಿದುಕೊಂಡಿತು. ಡಾಕ್ಟರು ನಕ್ಕರು.

ಕೆಳಗೆ ಬಂದು ಅರ್ಧ ಗಂಟೆಯಾಗಿರಲಿಲ್ಲ, ವಾರ್ಡ್ ಬಾಯ್ ಚೀಟಿ ತಂದುಕೊಟ್ಟ. 'ಬುಧವಾರ, ೧೦ ಗಂಟೆ. ತುರ್ತು. ಹರ್ನಿಯಾ, ಜೊತೆಗೆ ಚಿಕ್ಕದು.'

ಟ್ರೇ ಅಕ್ಕ ಚೀಟಿಯನ್ನು ಮೇಜಿನ ಮೇಲೆ ಕವುಚಿಟ್ಟಳು. ಎದ್ದು ಸಿಂಕಿನ ಹತ್ತಿರ ಹೋಗಿ ನಿಂತಳು. ಇಪ್ಪತ್ತೆರಡು ವರ್ಷ ಕೀವು ತೊಳೆದಿದ್ದಳು, ಮಲ ತೊಳೆದಿದ್ದಳು, ಕೊಳೆತ ಕಾಲು ಕತ್ತರಿಸಿದ ಗರಗಸ ತೊಳೆದಿದ್ದಳು, ಒಂದು ದಿನವೂ ವಾಕರಿಕೆ ಬಂದಿರಲಿಲ್ಲ. ಆ ಕೆನ್ನೆ ಸವರಿದ ಬೆರಳು ಕಣ್ಣಮುಂದೆ ಬಂದು ಬಂದು, ಕುಡಿದ ನೀರೆಲ್ಲ ಹೊರಗೆ ಬಂತು.

ಬಾಯಿ ತೊಳೆದುಕೊಂಡು ಬಂದು ಕೂತಳು. ಯಾರಿಗೆ ಹೇಳುವುದು? ಮೇಲಧಿಕಾರಿಗೆ ಹೇಳಿದರೆ ಅವರು ದರ್ಜಿ ಡಾಕ್ಟರನ್ನೇ ಕರೆದು ಹೌದೇ ಎಂದು ಕೇಳುತ್ತಾರೆ. ತಾಯಿಗೆ ಹೇಳಿದರೆ, ನೆಲಮಾಳಿಗೆಯ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅವಳ ಬಾಯಿಮಾತಿಗಿಂತ ಅವರ ಬೆಣ್ಣೆ ಮಾತಿಗೆ ತೂಕ ಹೆಚ್ಚು. ಚಿಮಟದಲ್ಲಿ ಹಿಡಿದು ತೋರಿಸುವಂಥ ಸಾಕ್ಷಿ ಅವಳ ಹತ್ತಿರ ಏನೂ ಇರಲಿಲ್ಲ. ಎದುರಿಗಿದ್ದದ್ದು ಬಿಳಿ ಲೇಬಲ್ಲುಗಳ ಕಟ್ಟು, ಒಂದು ಪೆನ್ನು.

ಆಗ ಆಪರೇಷನ್ ಥಿಯೇಟರಿನ ಒಂದು ನಿಯಮ ನೆನಪಾಯಿತು. ಮಗುವಿಗೆ ಅರಿವಳಿಕೆ ಕೊಡುವ ಮೊದಲು, ಹೊರಕೋಣೆಯಲ್ಲಿ, ಮಗು ಇನ್ನೂ ತಾಯಿಯ ತೊಡೆಯ ಮೇಲಿರುವಾಗಲೇ, ಸಿಸ್ಟರ್ ಎಲ್ಲವನ್ನೂ ಗಟ್ಟಿಯಾಗಿ ಓದಬೇಕು: ಮಗುವಿನ ಹೆಸರು, ತೂಕ, ಯಾವ ಆಪರೇಷನ್, ಗಂಟುಗಳ ಮೇಲಿನ ಲೇಬಲ್ಲಿನಲ್ಲಿರುವುದು ಅಕ್ಷರಕ್ಕೆ ಅಕ್ಷರ. ಬುಧವಾರದ ಸಿಸ್ಟರು ಆ ಕೆಲಸದಲ್ಲಿ ಹೆಸರುವಾಸಿ. ಏನು ಓದುತ್ತಿದ್ದೇನೆಂದು ತಿಳಿದುಕೊಳ್ಳುವ ಗೋಜಿಗೇ ಹೋಗದೆ ಬಸ್ ನಿಲ್ದಾಣದ ಮೈಕಿನ ಹಾಗೆ ಓದಿಬಿಡುತ್ತಿದ್ದರು.

ಟ್ರೇ ಅಕ್ಕ ಹನ್ನೊಂದು ಸಾಮಾನನ್ನು ಎಣಿಸಿ ಜೋಡಿಸಿದಳು. ಬಟ್ಟೆ ಸುತ್ತಿದಳು. ಲೇಬಲ್ಲಿನ ಮೇಲೆ, ಎರಡು ವರ್ಷದಿಂದ ಬರೆಯದ ಹೆಸರನ್ನು, ಮೊದಲಿನಂತೆಯೇ ದುಂಡಗೆ ಬರೆದಳು. ಅಂದಿನ ದಿನಾಂಕ ಹಾಕಿದಳು. ಸಹಿ ಮಾಡುವಾಗ ಕೊನೆಯ ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಬುಧವಾರವೂ ಲಿಫ್ಟು ರಿಪೇರಿಯಾಗಿರಲಿಲ್ಲ. ಗಂಟುಗಳನ್ನು ತಾನೇ ಒಯ್ದು ಹೊರಕೋಣೆಯ ಮೇಜಿನ ಮೇಲಿಟ್ಟು, ಬಾಗಿಲ ಗಾಜಿನ ಹಿಂದೆ ನಿಂತಳು. ತಾಯಿಗೆ ಹಸಿರು ಗೌನು ತೊಡಿಸಿ ಕೂರಿಸಿದ್ದರು. ಬೆಳಗಿನಿಂದ ಹಾಲಿಲ್ಲದ ಮಗು ಕಿರುಚಿ ಕಿರುಚಿ ಕೆಂಪಾಗಿತ್ತು. ಅರಿವಳಿಕೆ ಕೊಡುವ ಡಾಕ್ಟರು ಮಾಸ್ಕು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ದರ್ಜಿ ಡಾಕ್ಟರು ಕೈ ತೊಳೆಯುತ್ತ ಏನೋ ಹಾಡು ಗುನುಗುತ್ತಿದ್ದರು.

ಸಿಸ್ಟರು ಶುರುಮಾಡಿದರು. "ಮಗುವಿನ ತೂಕ ಆರು ಕೇಜಿ ಇನ್ನೂರು. ಆಪರೇಷನ್ ಹರ್ನಿಯಾ, ತುರ್ತು. ಗಂಟು ಒಂದು: ಹರ್ನಿಯಾ ಸೆಟ್ಟು, ಮಕ್ಕಳದು, ನಿನ್ನೆ ದಿನಾಂಕ, ಸಹಿ ಇದೆ. ಗಂಟು ಎರಡು: ಜನನಾಂಗ ತಿದ್ದುವ ಸೆಟ್ಟು, ಮಕ್ಕಳದು, ನಿನ್ನೆ ದಿನಾಂಕ, ಸಹಿ..."

ಅಷ್ಟು ಹೊತ್ತಿಗೆ ತಾನು ಓದಿದ್ದು ಸಿಸ್ಟರ ಕಿವಿಗೇ ಬಿತ್ತು. ನಾಲಿಗೆ ಕಚ್ಚಿಕೊಂಡರು. ಗುನುಗುತ್ತಿದ್ದ ಹಾಡು ನಿಂತಿತು.

"ಏನಂದ್ರಿ?" ಎಂದಳು ತಾಯಿ.

"ಏನಿಲ್ಲ ತಾಯಿ," ದರ್ಜಿ ಡಾಕ್ಟರು ಕೈ ಮೇಲೆತ್ತಿಕೊಂಡೇ ಬಂದರು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಕೆಳಗಿನೋರು ಹಳೇ ಲೇಬಲ್ ಅಂಟಿಸಿಬಿಟ್ಟಿದಾರೆ."

"ಹಳೇದಾದ್ರೆ ನಿನ್ನೆ ತಾರೀಖು ಯಾಕಿದೆ? ಹರ್ನಿಯಾಕ್ಕೆ ಒಂದು ಗಂಟು ಸಾಕಲ್ವಾ? ಎರಡನೇದು ಯಾಕೆ?"

"ನೋಡಿ, ನೀವು ಗಾಬರಿಯಾಗೋದು ಬೇಡ. ನಿಮ್ಮ ಯಜಮಾನ್ರ ಹತ್ರ ಎಲ್ಲಾ ಮಾತಾಡಿದೀನಿ, ಅವರು ಒಪ್ಪಿ ಸಹಿ ಹಾಕಿದಾರೆ. ಹೇಗೂ ಮಗು ಮಲಗಿರುತ್ತೆ, ಅದಕ್ಕೇನು ಗೊತ್ತಾಗುತ್ತೆ? ನಾಳೆ ಶಾಲೆಗೆ ಹೋಗೋವಾಗ ನೀವೇ ನನ್ನ ನೆನೆಸ್ಕೋತೀರ."

ಆ ತಾಯಿ ಕೂಗಾಡಲಿಲ್ಲ. ಎದ್ದು ನಿಂತು, ಹೊದಿಕೆಯನ್ನು ಮಗುವಿಗೆ ಸುತ್ತಿ, ಗೌನಿನ ದಾರ ನೆಲದಲ್ಲಿ ಎಳೆದಾಡುತ್ತಿದ್ದರೂ ಲೆಕ್ಕಿಸದೆ ಹೊರಟಳು. ಡಾಕ್ಟರು ಅಡ್ಡ ನಿಂತರು. ಅವಳು ಅವರ ತೊಳೆದ ಕೈಗಳನ್ನು ನೋಡಿ, "ಥೂ, ದಾರಿ ಬಿಡ್ರೀ" ಎಂದಳು. ಬಿಟ್ಟರು. ಮುಟ್ಟಿದರೆ ಮತ್ತೆ ಕೈ ತೊಳೆಯಬೇಕಾಗುತ್ತಿತ್ತು.

ಮಧ್ಯಾಹ್ನ ದರ್ಜಿ ಡಾಕ್ಟರು ನೆಲಮಾಳಿಗೆಗೆ ಇಳಿದು ಬಂದರು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

"ಓದೋಕೆ ಬರೆಯೋಕೆ ಬರಲ್ವಾ ನಿಂಗೆ?"

"ಬರುತ್ತೆ ಸರ್. ಅದಕ್ಕೇ ಬರೆದೆ."

"ನಾನೇನು ಕಟುಕನಾ? ಆ ಮಕ್ಕಳನ್ನ ಕಂಡ್ರೆ ನನಗೆಷ್ಟು ಕರುಳು ಚುರ್ ಅನ್ನುತ್ತೆ ಗೊತ್ತಾ? ಎಲ್ಲೋ ಕೂತು ಸುತ್ತೋಲೆ ಬರೆಯೋರಿಗೆ ಏನ್ ಗೊತ್ತು? ಜನ ಆಡ್ಕೊಂಡು ನಗಲ್ವಾ? ನಾನು ಮಾಡೋದು ಉಪಕಾರ ಕಣಮ್ಮ, ಉಪಕಾರ."

ಹೀಗೆನ್ನುತ್ತಲೇ ಅವರು ಮೇಜಿನ ಮೇಲಿದ್ದ ಸಣ್ಣ ಬ್ರಷ್ಷನ್ನು, ಕತ್ತರಿಯ ಸಂದಿನ ರಕ್ತ ಉಜ್ಜುವ ಬ್ರಷ್ಷನ್ನು, ಯೋಚನೆಯೇ ಇಲ್ಲದೆ ಎತ್ತಿಕೊಂಡು ತಮ್ಮ ಉಗುರು ಉಜ್ಜಿಕೊಳ್ಳತೊಡಗಿದರು. ಒಂದೊಂದಾಗಿ ಹತ್ತೂ ಉಗುರು. ಟ್ರೇ ಅಕ್ಕ ಆ ಬೆರಳುಗಳನ್ನೇ ನೋಡುತ್ತ ನಿಂತಳು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂದು ಆಗ ಅವಳಿಗೆ ಗೊತ್ತಾಯಿತು. ನಿಜವಾಗಿಯೂ ಉಪಕಾರವೆಂದೇ ನಂಬಿದ್ದಾನೆ. ಅದು ಸುಳ್ಳಿಗಿಂತ ಅಸಹ್ಯವಾಗಿ ಕಂಡಿತು. ಅವರು ಹೋದ ಮೇಲೆ ಬ್ರಷ್ಷನ್ನು ಚಿಮಟದಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿದಳು.

ಮುಂದಿನ ಸೋಮವಾರ ಆಸ್ಪತ್ರೆಯೊಳಗೆ ಹೊಸ ಸುತ್ತೋಲೆ ಬಂತು. ಇನ್ನು ಮೇಲೆ ಗಂಟುಗಳ ಮೇಲೆ ಸೆಟ್ಟಿನ ಹೆಸರು ಬರೆಯಕೂಡದು, ನಂಬರು ಮಾತ್ರ. ಹಳೆಯ ಲೇಬಲ್ಲುಗಳನ್ನು ನಾಶಮಾಡತಕ್ಕದ್ದು. ಮಕ್ಕಳನ್ನು ಕತ್ತರಿಸಬೇಡಿ ಎಂಬುದನ್ನು ಜಾರಿಗೆ ತರಲು ಇವರಿಗೆ ಎರಡು ವರ್ಷ ಸಾಲಲಿಲ್ಲ. ಲೇಬಲ್ಲಿನ ಮೇಲೆ ಅಕ್ಷರ ಬರೆಯಬೇಡಿ ಎಂಬುದು ಐದೇ ದಿನಕ್ಕೆ ಜಾರಿಯಾಯಿತು. ಕೆಳಗೆ ಅವಳ ವರ್ಗಾವಣೆಯೂ ಇತ್ತು: ತಿಂಗಳ ಕೊನೆಯಿಂದ ಬಟ್ಟೆ ಒಗೆಯುವ ವಿಭಾಗ.

ಆ ದಿನವೇ ಕಿಟಕಿಯ ಹತ್ತಿರ ಯಾರೋ ಬಂದು ನಿಂತರು. ಸಾಮಾನು ಪಡೆಯುವವರನ್ನು ಬಿಟ್ಟು ಆ ಕಿಟಕಿಗೆ ಯಾರೂ ಬರುವುದಿಲ್ಲ. ನೋಡಿದರೆ ಆ ತಾಯಿ, ಹೆಗಲ ಮೇಲೆ ಮಗು.

"ಆವತ್ತು ಲೇಬಲ್ ಬರೆದೋರು ಯಾರು?"

"ನಾನೇ."

ಅವಳು ಬ್ಯಾಗಿನಿಂದ ಆಸ್ಪತ್ರೆ ಕೊಟ್ಟ ಕಾಗದ ತೆಗೆದು ಕಿಟಕಿಯೊಳಗೆ ಚಾಚಿದಳು. 'ಹರ್ನಿಯಾ. ಮಗುವಿಗೆ ನೆಗಡಿ ಇದ್ದುದರಿಂದ ಆಪರೇಷನ್ ಮುಂದೂಡಲಾಗಿದೆ.'

"ಬೇರೆ ಕಡೆ ತೋರಿಸ್ದೆ ಅಕ್ಕ. ಹರ್ನಿಯಾನೇ ಇಲ್ವಂತೆ. ನೆಗಡೀನೂ ಇರ್ಲಿಲ್ಲ. ನಮ್ಮ ಮನೆಯವರು ಈಗ ಸಹಿನೇ ಹಾಕಿಲ್ಲ ಅಂತಿದಾರೆ. ಸರ್ಕಾರದ ಸುತ್ತೋಲೆ ಕಳಿಸಿದೋರಿಗೆ ದೂರು ಕೊಡಬೇಕು ಅಂತಿದೀನಿ, ಆದ್ರೆ ನನ್ನ ಹತ್ರ ಏನೂ ಇಲ್ಲ. ಇಡೀ ಆಸ್ಪತ್ರೇಲಿ ನಿಜ ಬರೆದಿದ್ದು ಆ ಲೇಬಲ್ ಒಂದೇ. ಇದೆಯಾ ಅದು?"

ಇತ್ತು. ಬಿಚ್ಚದೆ ವಾಪಸು ಬಂದ ಗಂಟಿನಿಂದ ಅದನ್ನು ಹುಷಾರಾಗಿ ಕಿತ್ತು, ಸಾಮಾನು ಎಣಿಸುವ ಪುಸ್ತಕದ ನಡುವೆ ಇಟ್ಟಿದ್ದಳು. ಏಕೆ ಇಟ್ಟಿದ್ದಳೋ ಅವಳಿಗೇ ತಿಳಿದಿರಲಿಲ್ಲ. ತೆಗೆದು ಕೊಟ್ಟಳು.

"ಇದ್ರಲ್ಲಿ ನಿಮ್ಮ ಸಹಿ ಇದೆ. ನಿಮ್ಗೆ ತೊಂದ್ರೆ ಆಗಲ್ವಾ?"

"ಆಗ್ಲಿ ಬಿಡಮ್ಮ. ಬೇಕಾದ್ರೆ ನಾನೂ ಬಂದು ಹೇಳ್ತೀನಿ."

ಮಗು ಲೇಬಲ್ಲಿಗೆ ಕೈ ಹಾಕಿ ಬಾಯಿಗೆ ಒಯ್ಯಲು ನೋಡಿತು. ತಾಯಿ ಬಿಡಿಸಿಕೊಂಡು ಬ್ಯಾಗಿಗೆ ಹಾಕಿದಳು. "ಇದೇ ತಿನ್ನೋಕೆ ಸಿಕ್ಕಿದ್ದಾ ನಿಂಗೆ?" ಎಂದು ಗದರಿಕೊಳ್ಳುತ್ತ ಮೆಟ್ಟಿಲು ಹತ್ತಿಹೋದಳು.

ಟ್ರೇ ಅಕ್ಕ ಎಣಿಕೆಯ ಪುಸ್ತಕವನ್ನು ಮುಚ್ಚಿಟ್ಟಳು. ಈ ಮಗುವಿಗೊಂದು ಕಾಗದವಾದರೂ ಸಿಕ್ಕಿತು. ಇನ್ನೊಂದಕ್ಕೆ ಅದೂ ಇಲ್ಲ, ಫೈಲು ಸುಟ್ಟು ಬೂದಿಯಾಗಿದೆ. ಉಳಿದಿರುವುದು ತಾನೊಬ್ಬಳೇ.

ನಾಶಮಾಡಬೇಕಿದ್ದ ಕಟ್ಟಿನಿಂದ ಒಂದು ಹಳೆಯ ಲೇಬಲ್ ಎಳೆದುಕೊಂಡಳು. ಮೊದಲ ಸಾಲಿನಲ್ಲಿ ಬರೆದಳು: ಜನನಾಂಗ ತಿದ್ದುವ ಸೆಟ್ಟು, ಮಕ್ಕಳದು. ಎರಡನೆಯ ಸಾಲಿನಲ್ಲಿ ಹದಿನೇಳು ವರ್ಷದ ಹಿಂದಿನ ದಿನಾಂಕ. ಅದನ್ನು ನೆನಪುಮಾಡಿಕೊಳ್ಳಲು ಬೆರಳು ಮಡಿಸಬೇಕಾಗಲಿಲ್ಲ. ಮೂರನೆಯ ಸಾಲಿನಲ್ಲಿ ಸಹಿ ಹಾಕಿದಳು. ಈ ಸಲ ಅಕ್ಷರ ಸೊಟ್ಟಗಾಗಲಿಲ್ಲ.

ಏಪ್ರನ್ ಬಿಚ್ಚಿಟ್ಟು, ಅರ್ಧ ದಿನದ ರಜೆ ಬರೆದುಕೊಟ್ಟು, ಬಸ್ಸು ಹಿಡಿದು ನಾದಿನಿಯ ಮನೆಗೆ ಹೋದಳು. ಬಾಗಿಲು ತೆರೆದದ್ದು ಗುಬ್ಬಿಯೇ. ಅತ್ತೆಯನ್ನು ನೋಡಿ ಮುಖ ಗಂಟಿಕ್ಕಿದಳು. ಟ್ರೇ ಅಕ್ಕ ಲೇಬಲ್ಲನ್ನು ಮುಂದೆ ಹಿಡಿದಳು.

ಗುಬ್ಬಿ ಮೂರೂ ಸಾಲನ್ನು ಓದಿದಳು. ಮೂರನೆಯದನ್ನು ಮತ್ತೊಮ್ಮೆ ಓದಿದಳು.

"ಎಷ್ಟೊಂದು ಜನ ಇದ್ವಿ ಅಂದಿದ್ರಲ್ಲ ಅತ್ತೆ?"

"ಇರ್ಲಿಲ್ಲ ಕಣೇ," ಎಂದಳು ಟ್ರೇ ಅಕ್ಕ. "ನಾನೊಬ್ಳೇ ಇದ್ದಿದ್ದು."